ಹಳೆಯ ಮೌಂಟನ್ ಬೈಕ್‌ಗೆ ಯಾವ ಗೇರ್ ಹೊಂದುತ್ತದೆ?

ಪ್ರಶ್ನೆ: ಮಾನ್ಯರೇ, 2012ರಲ್ಲಿ ಕೊಂಡ ಮೌಂಟನ್ ಬೈಕ್ ಒಂದು ನನ್ನಲ್ಲಿದೆ. ಅಲ್ಯೂಮಿನಿಯಂ ಫ್ರೇಮು, 26 ಇಂಚಿನ ಚಕ್ರ, ಮುಂದೆ ಮೂರು ಹಿಂದೆ ಎಂಟು ಸೇರಿ 24 ಗೇರು. ಗೇರ್ ಬದಲಿಸುವ ಶಿಫ್ಟರ್, ಚೈನನ್ನು ಪಕ್ಕಕ್ಕೆ ಸರಿಸುವ ಡಿರೈಲರ್ ಎರಡೂ ಶಿಮಾನೊ ಕಂಪನಿಯವು. ಚಿಕ್ಕಮಗಳೂರಿನಿಂದ ಕೈಮರದ ಕಡೆಗೆ ವಾರಕ್ಕೆ ಎರಡು ಮೂರು ಸಲ ಹೋಗಿಬರುತ್ತೇನೆ, ರಜೆಯಲ್ಲಿ ಮುಳ್ಳಯ್ಯನಗಿರಿ ರಸ್ತೆಯನ್ನು ಆದಷ್ಟು ದೂರ ಹತ್ತುತ್ತೇನೆ. ಕಳೆದ ಮಳೆಗಾಲ ಮುಗಿದ ಮೇಲೆ ಚೈನ್ ಹೊಸತು ಹಾಕಿಸಿದೆ. ಅಂದಿನಿಂದ ಏರಿನಲ್ಲಿ ಒತ್ತಿ ತುಳಿದರೆ ಆ ಹೊಸ ಚೈನೇ ಹಲ್ಲಿನ ಮೇಲಿಂದ ಜಾರುತ್ತಿದೆ. ಗೇರ್ ಇಳಿಸುವಾಗ ಡಿರೈಲರ್ ಕೂಡ ತಡವಾಗಿ ಕದಲುತ್ತದೆ. ಎಂಟರ ಸಾಮಾನಿಗೆ ಇನ್ನು ದುಡ್ಡು ಹಾಕಬೇಡಿ, ಈಗ ಹತ್ತು ಗೇರಿನ ಡಿರೈಲರ್ ಹಾಕಿಸಿಕೊಂಡು ಉಳಿದದ್ದನ್ನು ನಿಧಾನವಾಗಿ ಬದಲಿಸಿ ಎಂದು ರಿಪೇರಿಯವರು ಹೇಳುತ್ತಾರೆ. ಮುಂದಿನ ಮೂರು ಹಲ್ಲುಚಕ್ರವನ್ನು ತೆಗೆಸಿ ಒಂದನ್ನೇ ಇಡಿಸು ಎನ್ನುವುದು ಗೆಳೆಯರ ಸಲಹೆ. ಯಾವುದು ಸರಿ?
— ಓದುಗರು, ಚಿಕ್ಕಮಗಳೂರು

ಉತ್ತರ: ಹತ್ತು ಗೇರಿನ ಡಿರೈಲರ್ ಒಂದನ್ನೇ ದಯವಿಟ್ಟು ಕೊಳ್ಳಬೇಡಿ. ನಿಮ್ಮ ಎಂಟರ ಶಿಫ್ಟರ್ ಜೊತೆಗೆ ಅದು ಯಾವ ಹೊಂದಾಣಿಕೆಗೂ ಬಗ್ಗುವುದಿಲ್ಲ. ಕಾರಣವನ್ನು ಮುಂದೆ ವಿವರಿಸುತ್ತೇನೆ. ಅದಕ್ಕೆ ಮೊದಲು ಹೊಸ ಚೈನ್ ಏಕೆ ಜಾರುತ್ತಿದೆ ಎಂಬುದು ತಿಳಿಯಬೇಕು, ಏಕೆಂದರೆ ನಿಮ್ಮ ತೊಂದರೆಯ ಮೂಲ ಡಿರೈಲರ್‌ನಲ್ಲಿ ಇರುವಂತೆ ಕಾಣುವುದಿಲ್ಲ.

ಚೈನ್ 'ಎಳೆದುಕೊಂಡಿದೆ' ಎಂದು ನಾವು ಹೇಳುವುದು ರೂಢಿಯಾದರೂ ಅದರ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಪ್ರತಿಯೊಂದು ಪಿನ್ನೂ ಅದು ಕೂತ ತೂತೂ ಕೂದಲೆಳೆಯಷ್ಟು ಸವೆದು, ಆ ಸವೆತವೆಲ್ಲ ಕೂಡಿ ಚೈನ್ ಉದ್ದವಾಗುತ್ತದೆ. ಉದ್ದವಾದ ಚೈನ್ ತನ್ನ ಅಳತೆಗೆ ತಕ್ಕಂತೆ ಹಲ್ಲುಗಳನ್ನೂ ತೇಯ್ದುಕೊಳ್ಳುವುದರಿಂದ ಹಳೆಯ ಚೈನ್ ಮತ್ತು ಹಳೆಯ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಒಂದಕ್ಕೊಂದು ಒಗ್ಗಿಕೊಂಡು ಸದ್ದಿಲ್ಲದೆ ಓಡುತ್ತಿರುತ್ತವೆ. ಸರಿಯಾದ ಅಳತೆಯ ಹೊಸ ಚೈನ್ ಆ ಸವೆದ ಹಲ್ಲಿನ ಮೇಲೆ ಕೂತಾಗ ಒಂದೆರಡು ಹಲ್ಲುಗಳ ಮೇಲೆಯೇ ಭಾರವೆಲ್ಲ ಬಿದ್ದು, ಚೈನ್ ಏರಿ ಜಾರುತ್ತದೆ. ಮಲೆನಾಡಿನ ಮಳೆಯಲ್ಲಿ ಕೆಮ್ಮಣ್ಣು ಎಣ್ಣೆಯ ಜೊತೆ ಸೇರಿ ಸಾಣೆಯ ಪುಡಿಯಂತೆ ಕೆಲಸ ಮಾಡುವುದರಿಂದ ಒಂದೇ ಮಳೆಗಾಲದಲ್ಲಿ ಇಷ್ಟು ಸವೆದರೂ ಅಚ್ಚರಿಯಿಲ್ಲ.

ಇದನ್ನು ಮನೆಯಲ್ಲೇ ಖಚಿತಪಡಿಸಿಕೊಳ್ಳಿ. ಮುಂದಿನ ನಡುಚಕ್ರದ ಮೇಲೆ ಚೈನ್ ಇಟ್ಟು, ಹಿಂದಿನ ಎಂಟರಲ್ಲಿ ಒಂದೊಂದನ್ನೇ ಹಾಕಿ, ಸಣ್ಣ ಏರಿನಲ್ಲಿ ಜಾಗರೂಕತೆಯಿಂದ ಸೀಟಿನ ಮೇಲೆ ಕೂತೇ ತುಳಿದು ನೋಡಿ. ನೀವು ದಿನವೂ ಬಳಸುವ ಎರಡು ಮೂರು ಹಲ್ಲುಚಕ್ರಗಳಲ್ಲಿ ಮಾತ್ರ ಜಾರಿ, ಅಪರೂಪಕ್ಕೆ ಬಳಸುವವುಗಳಲ್ಲಿ ಜಾರದಿದ್ದರೆ ದೋಷ ಕ್ಯಾಸೆಟ್‌ನದು. ಎಂಟರಲ್ಲೂ ಜಾರಿದರೆ ಮುಂದಿನ ನಡುಚಕ್ರದ ಹಲ್ಲನ್ನು ನೋಡಿ. ಗರಗಸದ ಹಲ್ಲಿನಂತೆ ಒಂದೇ ಕಡೆಗೆ ವಾಲಿ ಚೂಪಾಗಿದ್ದರೆ ಅದರ ಕಾಲ ಮುಗಿದಿದೆ. ಅಲ್ಲಿಯೂ ಹಲ್ಲು ಚೆನ್ನಾಗಿದ್ದರೆ ಹಿಂದಿನ ಚಕ್ರದ ನಡುವಿನ ಹಬ್‌ನೊಳಗಿನ ಕೊಕ್ಕೆಗಳು ಕಚ್ಚದೆ ಇರಬಹುದು.

ಚೈನ್ ಅಳೆಯುವ ರೂಢಿಯನ್ನೂ ಇಂದಿನಿಂದಲೇ ಮಾಡಿಕೊಳ್ಳಿ. ಪಿನ್ನಿಂದ ಪಿನ್ನಿಗೆ ಅರ್ಧ ಇಂಚು ಅಂತರವಿರುವುದರಿಂದ ಹೊಸ ಚೈನ್‌ನಲ್ಲಿ 24 ಅಂತರಗಳು ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಆಗುತ್ತವೆ. ಮಕ್ಕಳ ಸ್ಕೇಲು 30 ಸೆಂ.ಮೀ.ಗೆ ಮುಗಿಯುವುದರಿಂದ ಅದು ಸಾಲದು. ಉದ್ದದ ಸ್ಟೀಲ್ ಸ್ಕೇಲನ್ನು ಒಂದು ಪಿನ್ನಿನ ನಡುವಿಗೆ ಹಿಡಿದು 24 ಅಂತರ ಎಣಿಸಿ. ಅಳತೆ ಸುಮಾರು 306.4 ಮಿ.ಮೀ. ಮುಟ್ಟಿದರೆ ಚೈನ್ ಬದಲಿಸುವ ಸಮಯ, 308ಕ್ಕೆ ಹೋಗಿದ್ದರೆ ಕ್ಯಾಸೆಟ್ ಕೂಡ ಬಹುಪಾಲು ಹೋಗಿರುತ್ತದೆ. ಮೊದಲನೆಯ ಹಂತದಲ್ಲೇ ಚೈನ್ ಬದಲಿಸುತ್ತ ಬಂದರೆ ಒಂದು ಕ್ಯಾಸೆಟ್ ಎರಡು ಮೂರು ಚೈನ್‌ಗಳ ಕಾಲ ಬಾಳುತ್ತದೆ.

ಈಗ ಹತ್ತು ಗೇರಿನ ಡಿರೈಲರ್ ಮಾತು. ಶಿಫ್ಟರ್ ಒಂದು ಸಲ 'ಕ್ಲಿಕ್' ಎಂದಾಗ ನಿರ್ದಿಷ್ಟ ಉದ್ದದ ಕೇಬಲನ್ನು ಎಳೆಯುತ್ತದೆ; ಡಿರೈಲರ್ ಆ ಎಳೆತವನ್ನು ನಿರ್ದಿಷ್ಟ ಪ್ರಮಾಣದಲ್ಲಿ ಹೆಚ್ಚಿಸಿ ಚೈನನ್ನು ಪಕ್ಕಕ್ಕೆ ಸರಿಸುತ್ತದೆ. ಶಿಮಾನೊ ಎಂಟರ ಶಿಫ್ಟರ್ ಪ್ರತಿ ಕ್ಲಿಕ್ಕಿಗೆ ಸುಮಾರು 2.8 ಮಿ.ಮೀ. ಕೇಬಲ್ ಎಳೆದರೆ ಅದಕ್ಕಾಗಿ ಮಾಡಿದ ಡಿರೈಲರ್ ಅದನ್ನು 1.7 ಪಟ್ಟು ಮಾಡಿ ಸುಮಾರು 4.8 ಮಿ.ಮೀ. ಸರಿಯುತ್ತದೆ, ಎಂಟರ ಕ್ಯಾಸೆಟ್‌ನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಇರುವ ಅಂತರವೂ ಅಷ್ಟೇ. ಮೌಂಟನ್ ಬೈಕ್‌ಗಾಗಿ ಶಿಮಾನೊ ಡೈನಾ-ಸಿಸ್ ಎಂಬ ಹತ್ತು ಗೇರಿನ ವ್ಯವಸ್ಥೆ ತಂದಾಗ ಈ ಲೆಕ್ಕವನ್ನೇ ಬದಲಿಸಿ, ಕೇಬಲ್ ಹೆಚ್ಚು ಎಳೆಯುವಂತೆಯೂ ಡಿರೈಲರ್ ಅದನ್ನು 1.2 ಪಟ್ಟು ಮಾತ್ರ ಮಾಡುವಂತೆಯೂ ಮಾಡಿತು. ನಿಮ್ಮ ಶಿಫ್ಟರ್‌ನ 2.8 ಮಿ.ಮೀ. ಎಳೆತಕ್ಕೆ ಆ ಡಿರೈಲರ್ ಸುಮಾರು 3.4 ಮಿ.ಮೀ. ಸರಿದು ನಿಂತುಬಿಡುತ್ತದೆ. 4.8 ಬೇಕಾದ ಕಡೆ 3.4 ಬಂದರೆ ಚೈನ್ ಎರಡು ಚಕ್ರಗಳ ನಡುವೆ ಕರಕರ ಎನ್ನುತ್ತಿರುತ್ತದೆ. ಸ್ಕ್ರೂ ತಿರುಗಿಸಿ ಇದನ್ನು ಸರಿಪಡಿಸಲು ಯಾವ ಕೈಯಿಂದಲೂ ಆಗದು. ಆದರೆ ಶಿಮಾನೊ ಮೌಂಟನ್ ಬೈಕ್‌ನ ಏಳು, ಎಂಟು, ಒಂಬತ್ತರ ಡಿರೈಲರ್‌ಗಳೆಲ್ಲ ಇದೇ 1.7ರ ಲೆಕ್ಕದವು. ಹಾಗಾಗಿ ಎಂಟರ ಡಿರೈಲರ್ ಸಿಗದಿದ್ದರೆ ಒಂಬತ್ತರದ್ದನ್ನು ನಿಶ್ಚಿಂತೆಯಿಂದ ಹಾಕಿಸಿಕೊಳ್ಳಬಹುದು. ಶ್ರ್ಯಾಮ್ ಕಂಪನಿಯ ಎಳೆತದ ಲೆಕ್ಕ ಬೇರೆಯಾದುದರಿಂದ ಅದರ ಡಿರೈಲರ್ ಬೇಡ.

ಹಾಗೆಂದು ಡಿರೈಲರ್ ಕೊಳ್ಳಲು ಅವಸರವೂ ಬೇಡ. ಗೇರ್ ತಡವಾಗಿ ಬೀಳುವುದಕ್ಕೆ ಬಹಳ ಸಲ ಕಾರಣ ಕೇಬಲ್. ನನ್ನದೇ ಸೈಕಲ್‌ನಲ್ಲಿ ಇದೇ ತೊಂದರೆ ಕಂಡಾಗ, ಡಿರೈಲರ್ ಹತ್ತಿರ ಅರ್ಧಚಂದ್ರದಂತೆ ಬಾಗಿ ಬರುವ ಕೊನೆಯ ಗೇಣುದ್ದದ ಕೇಬಲ್ ಔಟರನ್ನು, ಅಂದರೆ ಕೇಬಲಿನ ಹೊರಕವಚವನ್ನು, ಬಿಚ್ಚಿ ಬಿಳಿ ಕಾಗದದ ಮೇಲೆ ತಟ್ಟಿದೆ. ಇಟ್ಟಿಗೆ ಬಣ್ಣದ ತುಕ್ಕಿನ ಪುಡಿ ಒಂದು ಚಿಟಿಕೆಯಷ್ಟು ಉದುರಿತು. ಮಳೆನೀರು ಇಳಿದು ನಿಲ್ಲುವ ಜಾಗ ಅದೇ. 1.2 ಮಿ.ಮೀ.ನ ಹೊಸ ಇನ್ನರ್ ಕೇಬಲ್, 4 ಮಿ.ಮೀ.ನ ಗೇರ್ ಔಟರ್ ಎರಡನ್ನೂ ಹಾಕಿಸಿ. ಔಟರ್ ಕತ್ತರಿಸಿದ ಮೇಲೆ ತುದಿಯನ್ನು ಅರದಿಂದ ಮಟ್ಟಮಾಡಿ, ಒಳಗೆ ಚಪ್ಪಟೆಯಾದ ಪ್ಲಾಸ್ಟಿಕ್ ನಾಳವನ್ನು ಗೋಣಿದಬ್ಬಳದಿಂದ ಮತ್ತೆ ದುಂಡಗೆ ಮಾಡಿ, ಅನಂತರ ತುದಿಗೆ ಟೊಪ್ಪಿ ಹಾಕಬೇಕು. ಈ ಎರಡು ನಿಮಿಷದ ಕೆಲಸವನ್ನು ಬಿಟ್ಟರೆ ಹೊಸ ಕೇಬಲ್ ಕೂಡ ಬಿಗಿಯಾಗಿಯೇ ಇರುತ್ತದೆ. ಗೇರ್ ಔಟರ್‌ನಲ್ಲಿ ತಂತಿಗಳು ಉದ್ದಕ್ಕೆ ಮಲಗಿರುತ್ತವೆ, ಬ್ರೇಕ್ ಔಟರ್‌ನಲ್ಲಿ ಸುರುಳಿಯಾಗಿ ಸುತ್ತಿರುತ್ತವೆ. ಉಳಿದ ಗೇರ್ ಔಟರನ್ನು ಬ್ರೇಕಿಗೆ ಎಂದಿಗೂ ಬಳಸಬಾರದು. ಜೋರಾಗಿ ಬ್ರೇಕ್ ಹಿಡಿದಾಗ ಅದು ಸೀಳಿಹೋಗುವ ಅಪಾಯವಿದೆ.

ಕೇಬಲ್ ಆದ ಮೇಲೂ ಗೇರ್ ನೆಟ್ಟಗಾಗದಿದ್ದರೆ ಸೈಕಲ್ ಹಿಂದೆ ಕೂತು ಡಿರೈಲರ್ ನೋಡಿ. ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕೇ ಇಳಿದಿರಬೇಕು; ಚಕ್ರದ ಕಡೆಗೆ ವಾಲಿದ್ದರೆ ಫ್ರೇಮಿಗೆ ಡಿರೈಲರನ್ನು ಹಿಡಿದಿರುವ ಹ್ಯಾಂಗರ್ ಬಾಗಿದೆ ಎಂದರ್ಥ. ಹ್ಯಾಂಗರ್‌ಗಳು ಫ್ರೇಮಿನಿಂದ ಫ್ರೇಮಿಗೆ ಬೇರೆಯಾಗಿರುವುದರಿಂದ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೊಸತನ್ನು ಹುಡುಕಬೇಕು. ಕೊನೆಗೆ ಡಿರೈಲರ್‌ನ ಪುಟ್ಟ ಗಾಲಿಗಳಿರುವ ಕೇಜ್ ಹಿಡಿದು ಅತ್ತಿತ್ತ ಅಲುಗಿಸಿ. ಕೀಲುಗಳು ಲಟಲಟ ಎಂದು ಸಡಿಲಾಗಿದ್ದರೆ ಮಾತ್ರ ಹೊಸ ಡಿರೈಲರ್ ಅಗತ್ಯ. ಪುಟ್ಟ ಗಾಲಿಗಳಷ್ಟೇ ಸವೆದಿದ್ದರೆ ಅವು ಬಿಡಿಯಾಗಿ ಸಿಗುತ್ತವೆ.

ಹೊಸ ಕ್ಯಾಸೆಟ್ ಆರಿಸುವಾಗ ಮೊದಲು ಇದ್ದ ಅಳತೆಯನ್ನೇ ತೆಗೆದುಕೊಂಡರೆ ಚಿಂತೆಯಿಲ್ಲ. ದೊಡ್ಡದು ಬೇಕೆಂದರೆ ಡಿರೈಲರ್ ಎಷ್ಟು ಚೈನ್ ಸಡಿಲವನ್ನು ನುಂಗಬಲ್ಲದು ಎಂಬ ಲೆಕ್ಕ ಹಾಕಬೇಕು. ಮುಂದೆ 42-32-22, ಹಿಂದೆ 11-32 ಹಲ್ಲುಗಳಿವೆ ಎಂದಿಟ್ಟುಕೊಳ್ಳಿ: ಮುಂದಿನ ವ್ಯತ್ಯಾಸ 20, ಹಿಂದಿನದು 21, ಒಟ್ಟು 41 ಹಲ್ಲು. ಹಿಂದೆ 11-34 ಹಾಕಿದರೆ 43 ಆಗುತ್ತದೆ. ಡಿರೈಲರ್‌ನ ಮೇಲೆ ಅಚ್ಚಾದ ಮಾಡೆಲ್ ಸಂಖ್ಯೆಯನ್ನು ಬರೆದುಕೊಂಡು, ಅದರ ಒಟ್ಟು ಸಾಮರ್ಥ್ಯವೂ ಅತಿದೊಡ್ಡ ಹಲ್ಲುಚಕ್ರದ ಮಿತಿಯೂ ಇದಕ್ಕೆ ಸಾಲುತ್ತವೆಯೇ ಎಂದು ಕಂಪನಿಯ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ. ಚೈನ್ ಉದ್ದಕ್ಕೆ ಸುಲಭದ ಅಳತೆಯಿದೆ: ಡಿರೈಲರ್ ಒಳಗೆ ತೂರಿಸದೆ, ಮುಂದಿನ ಅತಿದೊಡ್ಡ ಚಕ್ರ ಮತ್ತು ಹಿಂದಿನ ಅತಿದೊಡ್ಡ ಚಕ್ರಗಳ ಮೇಲೆ ಚೈನ್ ಸುತ್ತಿ, ಎರಡು ತುದಿ ಸೇರುವಲ್ಲಿಂದ ಎರಡು ಕೊಂಡಿ, ಅಂದರೆ ಒಂದು ಇಂಚು, ಹೆಚ್ಚು ಬಿಟ್ಟು ಕತ್ತರಿಸಬೇಕು.

ಮುಂದಿನ ಚಕ್ರಗಳು ಬೋಲ್ಟಿನಿಂದ ಕೂಡಿಸಿದವೋ ರಿವೆಟ್ ಹೊಡೆದವೋ ನೋಡಿಕೊಳ್ಳಿ. ಬೋಲ್ಟ್ ಇದ್ದರೆ ನಡುಚಕ್ರ ಒಂದನ್ನೇ ಬದಲಿಸಬಹುದು, ರಿವೆಟ್ ಆಗಿದ್ದರೆ ಪೆಡಲ್ ತೋಳು ಸಮೇತ ಇಡೀ ಕ್ರ್ಯಾಂಕ್ ಸೆಟ್ಟೇ ಬೇಕು.

ಇನ್ನು ಮುಂದೆ ಒಂದೇ ಚಕ್ರ ಇಡುವ ಸಲಹೆ. ಅದು ಕೆಟ್ಟ ಸಲಹೆಯಲ್ಲ. ಮುಂದಿನ ಡಿರೈಲರ್, ಎಡಗೈ ಶಿಫ್ಟರ್, ಒಂದು ಕೇಬಲ್ ಇವೆಲ್ಲ ಇಲ್ಲವಾಗಿ ಕೆಸರಿನಲ್ಲಿ ತೊಂದರೆ ಕಡಿಮೆಯಾಗುತ್ತದೆ. ಆದರೆ ನೀವು ಹತ್ತುವುದು 1,930 ಮೀಟರ್ ಎತ್ತರದ ಗಿರಿಯ ರಸ್ತೆ. ಮೇಲೆ ಎಂದಿಟ್ಟುಕೊಂಡ ಅಳತೆಯಂತೆ ಈಗ ನಿಮ್ಮ ಅತಿ ಹಗುರ ಗೇರ್, ಮುಂದೆ 22 ಹಿಂದೆ 32, ಪೆಡಲ್‌ನ ಒಂದು ಸುತ್ತಿಗೆ ಚಕ್ರವನ್ನು 0.69 ಸುತ್ತು ತಿರುಗಿಸುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಸುಮಾರು 5 ಕಿ.ಮೀ. ವೇಗದಲ್ಲಿ ಉಸಿರು ಕಟ್ಟದೆ ಹತ್ತಬಹುದು. ಮುಂದೆ 32 ಹಲ್ಲಿನ ಒಂದೇ ಚಕ್ರ ಇಟ್ಟು ಇದೇ ಹಗುರತನ ಬೇಕೆಂದರೆ ಹಿಂದೆ 46 ಹಲ್ಲು ಬೇಕು. ಅದನ್ನು ನಿಮ್ಮ ಈಗಿನ ಡಿರೈಲರ್ ಹೊರಲಾರದು. ಆಗ ಶಿಫ್ಟರ್, ಡಿರೈಲರ್, ಕ್ಯಾಸೆಟ್, ಚೈನ್, ಮುಂದಿನ ಚಕ್ರ ಐದನ್ನೂ ಒಟ್ಟಿಗೆ ಕೊಳ್ಳಬೇಕಾಗುತ್ತದೆ. ಇಳಿಜಾರಿನ ಕಡೆಯಲ್ಲೂ ನಷ್ಟವಿದೆ: ನಿಮಿಷಕ್ಕೆ 80 ಸುತ್ತು ತುಳಿದಾಗ 42-11ರಲ್ಲಿ ಗಂಟೆಗೆ 37 ಕಿ.ಮೀ. ದಾಟುವ ಸೈಕಲ್ 32-11ರಲ್ಲಿ 29ರ ಆಸುಪಾಸಿಗೆ ನಿಲ್ಲುತ್ತದೆ. ಮುಂದೊಂದು ದಿನ ಶಿಫ್ಟರ್‌ಗಳೇ ಕೆಟ್ಟರೆ, ತೈವಾನಿನ ಮೈಕ್ರೋಶಿಫ್ಟ್ ಕಂಪನಿಯ ಅಡ್ವೆಂಟ್‌ನಂತಹ ಒಂಬತ್ತು ಗೇರಿನ ಸೆಟ್ಟನ್ನು ಇಡಿಯಾಗಿ ಹಾಕಿಸುವುದು ನ್ಯಾಯ. ನಿಮ್ಮದು ಕ್ಯಾಸೆಟ್ ಹಬ್ ಆಗಿದ್ದರೆ ಅದಕ್ಕಾಗಿ ಹಬ್ ಬದಲಿಸಬೇಕಿಲ್ಲ. ಸದ್ಯಕ್ಕೆ ನಿಮ್ಮ ಜಾಗದಲ್ಲಿ ನಾನಿದ್ದರೆ ಎಂಟರಲ್ಲೇ ಇರುತ್ತಿದ್ದೆ. ಎಂಟರ ಚೈನ್ ಅಗಲವಾದದ್ದು, ಗಟ್ಟಿಯಾದದ್ದು, ಆರು ಏಳು ಗೇರಿನ ಸೈಕಲ್‌ಗೂ ಅದೇ ನಡೆಯುವುದರಿಂದ ಸಣ್ಣ ಊರಿನಲ್ಲೂ ಸಿಗುವಂಥದ್ದು. ಮೊದಲು ಕೇಬಲ್, ಅನಂತರ ಕ್ಯಾಸೆಟ್. ಈಗಿನ ಚೈನ್ 306.4 ಮುಟ್ಟದಿದ್ದರೆ ಅದನ್ನೇ ಉಳಿಸಿಕೊಳ್ಳಿ.

ಪ್ರಶ್ನೆ: ನನ್ನ ಹಳೆಯ ಸೈಕಲ್‌ನಲ್ಲಿ ಹಿಂದೆ ಏಳು ಗೇರಿದೆ. ಅದನ್ನು ಒಂಬತ್ತಕ್ಕೆ ಏರಿಸಬಹುದೇ? ಘಟ್ಟ ಹತ್ತುವುದು ಕಷ್ಟವಾಗುತ್ತಿದೆ.
— ಓದುಗರು, ಶಿರಸಿ

ಉತ್ತರ: ನಿಮ್ಮದು ಕ್ಯಾಸೆಟ್ಟೋ ಫ್ರೀವೀಲೋ ಎಂಬುದನ್ನು ಮೊದಲು ತಿಳಿಯಿರಿ. ಚಕ್ರ ಬಿಚ್ಚಿ ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿ. ನಡುವೆ ಸ್ಪ್ಯಾನರ್ ಕೂರುವ ಗೀರುಗಳ ಬಳೆಯೂ ಜೊತೆಗೆ ತಿರುಗಿದರೆ ಅದು ಕ್ಯಾಸೆಟ್, ಆ ಬಳೆ ನಿಂತೇ ಇದ್ದರೆ ಹಬ್ಬಿನ ಮರೆಗೆ ತಿರುಪಿ ಕೂರಿಸಿದ ಫ್ರೀವೀಲ್. ಏಳು ಗೇರಿನ ಅಗ್ಗದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಫ್ರೀವೀಲ್ ಇರುತ್ತದೆ. ಅಂಥ ಹಬ್‌ನಲ್ಲಿ ಬಲಗಡೆಯ ಬೇರಿಂಗ್ ಒಳಗೆ ದೂರದಲ್ಲಿ ಇರುವುದರಿಂದ ಆಕ್ಸಲ್‌ನ ತುದಿಗೆ ಆಸರೆಯಿಲ್ಲ. ಒಂಬತ್ತರ ಅಗಲದ ಫ್ರೀವೀಲ್ ಹಾಕಿದರೆ ಆಸರೆಯಿಲ್ಲದ ಭಾಗ ಇನ್ನೂ ಉದ್ದವಾಗಿ ಆಕ್ಸಲ್ ಬಾಗುವ, ಮುರಿಯುವ ಭಯ ಹೆಚ್ಚು. ನಿಮಗೆ ನಿಜವಾಗಿ ಬೇಕಿರುವುದು ಹಗುರ ಗೇರ್. 14-28ರ ಬದಲು 14-34ರ ಏಳರ ಫ್ರೀವೀಲ್ ಹಾಕಿಸಿದರೆ ಅತಿ ಹಗುರ ಗೇರ್ ಐದರಲ್ಲಿ ಒಂದು ಪಾಲಿನಷ್ಟು ಹಗುರವಾಗುತ್ತದೆ. ಡಿರೈಲರ್ 34 ಹಲ್ಲನ್ನು ತಾಳುವಂಥದ್ದೇ ಎಂದು ನೋಡಿ, ಚೈನನ್ನೂ ಹೊಸ ಅಳತೆಗೆ ಹಾಕಿಸಿ. ಹಳೆಯ ಚೈನ್ ಗಿಡ್ಡವಾದರೆ ಮುಂದೆಯೂ ಹಿಂದೆಯೂ ಅತಿದೊಡ್ಡ ಹಲ್ಲುಚಕ್ರಕ್ಕೆ ಬಿದ್ದ ಕ್ಷಣ ಡಿರೈಲರ್ ಕಿತ್ತುಬರುತ್ತದೆ.

ಪ್ರಶ್ನೆ: ಶಿಮಾನೊ ಒಂಬತ್ತರ ಹಳೆಯ ಶಿಫ್ಟರ್ ಜೊತೆ ಕ್ಯೂಸ್ ಒಂಬತ್ತರ ಡಿರೈಲರ್ ನಡೆಯುತ್ತದೆಯೇ? ಎರಡೂ ಒಂಬತ್ತೇ ಅಲ್ಲವೇ?
— ಓದುಗರು, ಮೈಸೂರು

ಉತ್ತರ: ನಡೆಯುವುದಿಲ್ಲ. 2023ರಲ್ಲಿ ಬಂದ ಶಿಮಾನೊದ ಕ್ಯೂಸ್ ಸರಣಿಯ ಕೇಬಲ್ ಎಳೆತವೂ ಹಲ್ಲುಚಕ್ರಗಳ ಅಂತರವೂ ಹಳೆಯ ಒಂಬತ್ತರದಲ್ಲ. ಅದರ ಕ್ಯಾಸೆಟ್ ನಿಮ್ಮ ಹಳೆಯ ಕ್ಯಾಸೆಟ್ ಹಬ್ಬಿನ ಮೇಲೆ ಕೂರುತ್ತದೆಯಾದರೂ ಶಿಫ್ಟರ್, ಡಿರೈಲರ್ ಎರಡೂ ಕ್ಯೂಸ್‌ನವೇ ಆಗಬೇಕು, ಚೈನ್ ಕೂಡ ಅದಕ್ಕೆ ಹೊಂದುವಂಥದ್ದೇ ಬೇಕು. ಡಿರೈಲರ್ ಒಂದೇ ಬೇಕಿದ್ದರೆ ಹಳೆಯ ಒಂಬತ್ತರ ಆಲಿವಿಯೊ ಅಥವಾ ಡಿಯೋರ್ ಹುಡುಕಿ. ಬಳಸಿದ್ದಾದರೆ ಕೊಳ್ಳುವ ಮುನ್ನ ಕೇಜ್ ಹಿಡಿದು ಅಲುಗಿಸಿ ನೋಡಿ.