ಸ್ಕಾಟ್ಲೆಂಡ್ ಬೆಟ್ಟದ ಮೇಲೆ ನಾಗಪಟ್ಟಣದ ಬಾಗಿಲು

ಪ್ರಶ್ನೆ: ಮಗಳು ಸ್ಕಾಟ್ಲೆಂಡ್‌ನಲ್ಲಿ ಓದ್ತಿದ್ದಾಳೆ. ಅಲ್ಲಿ ಒಂದು ಬೆಟ್ಟದ ತುದೀಲಿ ಕಲ್ಲಿನ ಕಮಾನು ಇದ್ಯಂತೆ, ಫೋಟೋ ಕಳ್ಸಿದ್ಲು. ಕೆಳಗಿರೋ ನೋವರ್ ಹೌಸ್ ಅನ್ನೋ ಬಂಗಲೆಯವ್ರು ಕಟ್ಸಿದ್ದು, ನಮ್ಮ ಹೈದರಾಲಿ ಜೊತೆ ಯುದ್ಧ ಮಾಡ್ದವ್ರೇ ಅಂತಾಳೆ. ನಿಜಾನಾ? – ಓದುಗರು, ಮಂಡ್ಯ

ಉತ್ತರ: ನಿಜಾನೇ. ಇನ್ವರ್‌ನೆಸ್‌ನಿಂದ ಉತ್ತರಕ್ಕೆ, ಇವಾಂಟನ್ ಊರಿನ ಹತ್ರ ಇರೋ ಆ ಬಂಗಲೆ ಮುನ್ರೋ ಮನೆತನದ್ದು. ಅದರ ಯಜಮಾನ, ಬ್ರಿಟಿಷ್ ಸೇನಾಧಿಕಾರಿ ಹೆಕ್ಟರ್ ಮುನ್ರೋ 1764ರ ಬಕ್ಸರ್ ಯುದ್ಧ ಗೆದ್ದವನು, 1778ರಲ್ಲಿ ಪಾಂಡಿಚೇರಿ ಹಿಡಿದವನು, ಇಲ್ಲಿ ಸಂಪಾದಿಸಿದ ದುಡ್ಡನ್ನ ಊರಿಗೆ ತಗೊಂಡ್ಹೋಗಿ ಆ ಎಸ್ಟೇಟ್‌ಗೆ ಸುರಿದ.

ಆದ್ರೆ 1780ರ ಸೆಪ್ಟೆಂಬರ್‌ನಲ್ಲಿ ಪೊಲ್ಲಿಲೂರಲ್ಲಿ ಕರ್ನಲ್ ವಿಲಿಯಂ ಬೇಯ್ಲಿಯ ಸೈನ್ಯಾನ ಹೈದರ್, ಟಿಪ್ಪು ಸೇರಿ ಮುತ್ತಿ ಮುಗಿಸ್ದಾಗ ಇದೇ ಮುನ್ರೋ ಕೆಲವೇ ಮೈಲಿ ದೂರದ ಕಾಂಚೀಪುರದಲ್ಲಿ ದೊಡ್ಡ ಸೈನ್ಯ ಇಟ್ಕೊಂಡಿದ್ರೂ ಟೈಮಿಗೆ ಹೋಗಿ ಸೇರ್ಲಿಲ್ಲ, ಆಮೇಲೆ ದೊಡ್ಡ ತೋಪುಗಳನ್ನ ಅಲ್ಲಿನ ಕೆರೆಗೆ ಎಸೆದು ಮದ್ರಾಸಿಗೆ ವಾಪಸ್ ಓಡಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಗೋಡೆ ಮೇಲಿನ ದೊಡ್ಡ ಚಿತ್ರ ಇದೇ ಯುದ್ಧದ್ದು, ಪಲ್ಲಕ್ಕೀಲಿ ಕೂತಿರೋದು ಬೇಯ್ಲಿ. ಮರುವರ್ಷ ಮುನ್ರೋ ಡಚ್ಚರಿಂದ ನಾಗಪಟ್ಟಣ ಗೆದ್ದ, ಅಲ್ಲಿನ ಕೋಟೆ ಬಾಗಿಲಿನ ಮಾದರೀನೇ ನೋವರ್ ಮೇಲಿನ ಫೈರಿಶ್ ಬೆಟ್ಟದಲ್ಲಿ ಕಟ್ಟಿಸ್ದ, 1782ರಲ್ಲಿ ಅಂತಾರೆ. ಕೆಲ್ಸ ಇಲ್ದೇ ಹಸಿದಿದ್ದ ಊರವ್ರಿಗೆ ಕೂಲಿ ಸಿಗ್ಲಿ ಅಂತ ಕಟ್ಸಿದ್ದಂತೆ, ಕೂಲಿ ದಿನ ಹೆಚ್ಲಿ ಅಂತ ಮೇಲೆ ಹೊತ್ತ ಕಲ್ಲನ್ನ ಮತ್ತೆ ಉರುಳಿಸ್ತಿದ್ದ ಅನ್ನೋ ಕಥೇನೂ ಇದೆ. ಅದು ಕುರಿ ಸಾಕೋಕೆ ಅಂತ ಜಮೀನುದಾರರು ರೈತರನ್ನ ಜಮೀನಿಂದ ಎಬ್ಬಿಸೋಕೆ ಶುರು ಮಾಡಿದ್ದ ಕಾಲ, ಹಾಗಾಗಿ ಬರೀ ದಾನಶೂರ ಅಂತ ಅವನನ್ನ ಹೊಗಳೋಕೆ ನನಗಂತೂ ಮನಸ್ಸು ಬರಲ್ಲ.

ಅವನ ಮಗನೊಬ್ಬನನ್ನ 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿ ಎತ್ಕೊಂಡ್ಹೋಯ್ತು. ಈಗ ಲಂಡನ್ ಮ್ಯೂಸಿಯಂನಲ್ಲಿರೋ ಟಿಪ್ಪುವಿನ ಹುಲಿ ಬೊಂಬೆಗೆ (ಹುಲಿ ಬಿಳಿಯನೊಬ್ಬನ ಮೇಲೆ ಎರಗಿರೋ ಬೊಂಬೆ) ಆ ಘಟನೆ ಜೊತೆ ನಂಟು ಹೇಳ್ತಾರೆ.

ಆಮೇಲಿನ ನೋವರ್ ಯಜಮಾನರಲ್ಲಿ ಒಬ್ರು ಚಿತ್ರಕಾರ ಟರ್ನರ್‌ಗೆ ಸ್ನೇಹಿತರು, ಅವರ ಚಿತ್ರ ಕೊಂಡವ್ರು. ಇನ್ನೊಬ್ರು 1914ರಿಂದ 1920ರವರೆಗೆ ಆಸ್ಟ್ರೇಲಿಯಾದ ಗವರ್ನರ್ ಜನರಲ್.

ನೀವು ಮಂಡ್ಯದವ್ರಾದ್ದರಿಂದ ಒಂದು ಮಾತು. ಬೇಯ್ಲಿ ಕೂಡ ಇನ್ವರ್‌ನೆಸ್ ಕಡೆಯವನೇ, ಡನೇನ್ ಮನೆತನದವನು. ಬೆಟ್ಟದಲ್ಲಿ ಬಾಗಿಲು ಎದ್ದಿದ್ದು ಅಂತ ಹೇಳೋ ಅದೇ 1782ರಲ್ಲಿ ಅವನು ಶ್ರೀರಂಗಪಟ್ಟಣದ ಸೆರೇಲಿ ಸತ್ತ. ಗುಂಬಜ್ ಹತ್ರ ಅವನ ಸ್ಮಾರಕ ಇದೆ, ಮಗಳು ಊರಿಗೆ ಬಂದಾಗ ಕರ್ಕೊಂಡ್ಹೋಗಿ ತೋರ್ಸಿ.