ಭಾನುವಾರದ ಎರಡು ಗಂಟೆ: ಧರ್ಮೋಪದೇಶವೋ, ಶಾಲೆಯ ಮೈದಾನವೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಗ ಒಂಬತ್ತನೇ ತರಗತಿ, ಶಾಲೆಯ ಫುಟ್‌ಬಾಲ್ ತಂಡದಲ್ಲಿದ್ದಾನೆ. ಭಾನುವಾರ ಬೆಳಿಗ್ಗೆ 7ರಿಂದ 9 ಪ್ರಾಕ್ಟೀಸ್. ನಮ್ಮ ಚರ್ಚಿನಲ್ಲಿ 8ಕ್ಕೆ ಪೂಜೆ, 9ಕ್ಕೆ ಧರ್ಮೋಪದೇಶ (ಮಕ್ಕಳ ಧರ್ಮಶಿಕ್ಷಣದ ತರಗತಿ). ಶೇ. 75 ಹಾಜರಾತಿ ಇಲ್ಲದಿದ್ದರೆ ದೃಢೀಕರಣ (ನಂಬಿಕೆಯನ್ನು ಗಟ್ಟಿಗೊಳಿಸುವ ಸಂಸ್ಕಾರ, ಕನ್ಫರ್ಮೇಶನ್) ಇಲ್ಲ ಎಂದಿದ್ದಾರೆ ಫಾದರ್. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಪೂಜೆ ಮತ್ತು ತರಗತಿ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಪೂಜೆಯ ದಾರಿ ಸುಲಭ: ಶನಿವಾರ ಸಂಜೆಯ ಬಲಿಪೂಜೆಗೆ ಹೋದರೂ ಭಾನುವಾರದ ಕರ್ತವ್ಯ ಮುಗಿಯುತ್ತದೆ, 1983ರ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ವಿಧಿ ಅದನ್ನು ಒಪ್ಪುತ್ತದೆ. ನಿಮ್ಮಲ್ಲಿ ಶನಿವಾರದ ಪೂಜೆ ಇಲ್ಲದಿದ್ದರೆ ಭಾನುವಾರ ಸಂಜೆಯದ್ದು ಪಕ್ಕದ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಇದೆಯೇ ಕೇಳಿ.

ತರಗತಿಯದು ಬೇರೆ ಲೆಕ್ಕ. ಜೂನ್‌ನಿಂದ ಫೆಬ್ರುವರಿವರೆಗೆ 39 ಭಾನುವಾರ ಸಿಗುತ್ತವೆ. ದಸರಾ ರಜೆ, ಕ್ರಿಸ್‌ಮಸ್, ಚರ್ಚಿನ ಹಬ್ಬ, ಪರೀಕ್ಷೆಯ ವಾರಗಳನ್ನು ಕಳೆದರೆ 30ರ ಆಸುಪಾಸು ಉಳಿಯುತ್ತದೆ. ಶೇ. 75 ಅಂದರೆ ಏಳು ತರಗತಿ ತಪ್ಪಿಸಬಹುದು, ಎಂಟನೆಯದಕ್ಕೆ ತೊಂದರೆ. ಆ ಏಳನ್ನು ಮ್ಯಾಚುಗಳಿಗೆ ಎತ್ತಿಡಿ, ಪ್ರಾಕ್ಟೀಸಿಗೆ ಖರ್ಚು ಮಾಡಬೇಡಿ. ಮ್ಯಾಚಿಗೆ ಹುಡುಗ ಹೋಗದಿದ್ದರೆ ಇಡೀ ತಂಡಕ್ಕೆ ಪೆಟ್ಟು. ಪ್ರಾಕ್ಟೀಸಿನಿಂದ ಇಪ್ಪತ್ತು ನಿಮಿಷ ಮುಂಚೆ ಬಂದರೆ ಪೆಟ್ಟು ಬೀಳುವುದು ಅವನ ಬೆವರಿಗೆ ಮಾತ್ರ. ಪಿ.ಟಿ. ಮಾಸ್ತರರ ಹತ್ತಿರ ಈ ಮಾತು ಆಡಬೇಕಾದದ್ದು ತಂಡದ ಆಯ್ಕೆಗೆ ಮೊದಲು. "ಸರ್, ಭಾನುವಾರ 8.40ಕ್ಕೆ ಬಿಡಬೇಕಾಗುತ್ತೆ" ಅಂತ ಮೊದಲೇ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಆಯ್ಕೆಯಾದ ಮೇಲೆ ಹೇಳಿದರೆ ಅದು ಅವರಿಗೆ ನೆಪದಂತೆ ಕೇಳುತ್ತದೆ.

ಫಾದರ್ ಬಳಿ ಹೋಗುವಾಗ ಬಾಯಿಮಾತು ಸಾಲದು. ಅರ್ಧ ಪುಟದ ಪತ್ರ ಬರೆಯಿರಿ: ತಪ್ಪುವ ಭಾನುವಾರಗಳ ತಾರೀಖು, ಕಾರಣ, ಪಾಠ ತುಂಬಿಸಿಕೊಳ್ಳುವ ಬಗೆ. ಕಾನೂನು ಸಂಹಿತೆ ದೃಢೀಕರಣಕ್ಕೆ ಕೇಳುವುದು ತಕ್ಕ ತಿಳಿವಳಿಕೆ, ತಕ್ಕ ಮನಸ್ಸು, ಜ್ಞಾನಸ್ನಾನದ ವಾಗ್ದಾನಗಳನ್ನು ತಾನೇ ಮತ್ತೆ ಹೇಳುವ ಶಕ್ತಿ. ಶೇ. 75 ಎಂಬುದು ಧರ್ಮಕೇಂದ್ರ ಮಾಡಿಕೊಂಡ ನಿಯಮ, ಅನುಭವದಿಂದ ಬಂದದ್ದು. ಹಾಗಂತ ವಿಧಿಯ ಸಂಖ್ಯೆ ಹಿಡಿದು ಫಾದರ್ ಜೊತೆ ವಾದಕ್ಕೆ ಇಳಿಯಬೇಡಿ, ಕೆಲಸ ಕೆಡುತ್ತದೆ.

ತಪ್ಪಿದ ಒಂದೊಂದು ತರಗತಿಗೆ ಮನೆಯಲ್ಲಿ 40 ನಿಮಿಷ ಕೊಡಿ. 15 ನಿಮಿಷ ಪಾಠ ಓದಲಿ, 10 ನಿಮಿಷ ಆ ಭಾನುವಾರದ ಶುಭಸಂದೇಶ. ಮಿಕ್ಕ ಸಮಯದಲ್ಲಿ ತನಗೆ ತಿಳಿದ ಎರಡು ಮಾತು, ತಿಳಿಯದ ಒಂದು ಪ್ರಶ್ನೆ ಬರೆಯಲಿ. ಮುಂದಿನ ವಾರ ತರಗತಿಗೆ ಹತ್ತು ನಿಮಿಷ ಮೊದಲು ಹೋಗಿ ಆ ಪ್ರಶ್ನೆಯನ್ನು ಶಿಕ್ಷಕರಿಗೆ ಕೇಳಲಿ. ಈ ಏರ್ಪಾಡು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಅಮ್ಮನೇ ಬರೆದು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸುತ್ತಾಳೆ, ಅಕ್ಷರ ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಇಲ್ಲವೇ ಹುಡುಗ ಸತತ ಮೂರು ವಾರ ತಪ್ಪಿಸುತ್ತಾನೆ. ಆ ಹೊತ್ತಿಗೆ ಗೆಳೆಯರ ಗುಂಪು ಕೂತ ಜಾಗವೇ ಬದಲಾಗಿರುತ್ತದೆ, ಇವನು ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾನೆ. ಹದಿನಾಲ್ಕರ ಹುಡುಗನಿಗೆ ಪಾಠ ತಪ್ಪಿದ್ದಕ್ಕಿಂತ ಇದು ದೊಡ್ಡ ವಿಷಯ. ಆದ್ದರಿಂದ ಸತತ ಎರಡಕ್ಕಿಂತ ಹೆಚ್ಚು ಬೇಡ.

ಇನ್ನು ಕಾಗದಪತ್ರ. ದೃಢೀಕರಣದ ದಿನ ಬಿಷಪರ ಡೈರಿಯಂತೆ ನಿಗದಿಯಾಗುತ್ತದೆ, ನಿಮ್ಮ ಟೂರ್ನಿಗೆಂದು ಸರಿಯುವುದಿಲ್ಲ. ಅದಕ್ಕೆ ಮೊದಲಿನ ಧ್ಯಾನಕೂಟ, ಪಾಪನಿವೇದನೆಯ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಜ್ಞಾನಸ್ನಾನ ಬೇರೆ ಊರಲ್ಲಾಗಿದ್ದರೆ ಅಲ್ಲಿಂದ ಪ್ರಮಾಣಪತ್ರ ತರಿಸಲು ಎರಡು ತಿಂಗಳ ಮೊದಲೇ ಹೊರಡಿ. ಜ್ಞಾನ ತಂದೆ ಅಥವಾ ತಾಯಿಯಾಗಿ ದೃಢೀಕರಣದಲ್ಲಿ ಹುಡುಗನ ಜೊತೆ ನಿಲ್ಲುವವರಿಗೆ ಸಾಮಾನ್ಯವಾಗಿ 16 ತುಂಬಿರಬೇಕು, ಅವರ ದೃಢೀಕರಣ ಆಗಿರಬೇಕು, ಅವರು ಹೆತ್ತವರಾಗಿರಬಾರದು. ಹುಡುಗನಿಗೆ ಇಷ್ಟವೆಂದು 15ರ ಕಸಿನ್‌ನ ಹೆಸರು ಕೊಟ್ಟು, ಕೊನೆಯ ವಾರ ಬೇರೆಯವರನ್ನು ಹುಡುಕುವ ಪಾಡು ಬೇಡ. ಜ್ಞಾನಸ್ನಾನದಲ್ಲಿ ನಿಂತವರೇ ಇದಕ್ಕೂ ನಿಂತರೆ ಒಳ್ಳೆಯದು ಎನ್ನುತ್ತದೆ ಸಂಹಿತೆ.

ಮಗಳು ದ್ವಿತೀಯ ಪಿಯುಸಿ, ನೀಟ್ ಕೋಚಿಂಗ್. ಪ್ರತಿ ಭಾನುವಾರ 9ರಿಂದ 1ರವರೆಗೆ ಟೆಸ್ಟ್. ಈ ಒಂದು ವರ್ಷ ಚರ್ಚಿನ ಚಟುವಟಿಕೆ ಪೂರ್ತಿ ಬಿಡಿಸಬಹುದೇ?
– ಒಬ್ಬ ತಂದೆ, ಬೆಂಗಳೂರು

ತರಗತಿ ಬಿಡಿಸಿ, ಪೂರ್ತಿ ಬಿಡಿಸಬೇಡಿ. ಬೆಂಗಳೂರಿನಲ್ಲಿ ಭಾನುವಾರ ಸಂಜೆಯ ಪೂಜೆಗೆ ಬರವಿಲ್ಲ, ಟೆಸ್ಟ್ ಮುಗಿಸಿ ಉಂಡು ಮಲಗಿ ಎದ್ದು ಹೋಗಬಹುದು. ಜೊತೆಗೆ ತಿಂಗಳಿಗೆ ಒಂದು ಸಣ್ಣ ಹೊಣೆ ಇರಲಿ. ಪೂಜೆಯಲ್ಲಿ ವಾಚನ ಓದುವುದಕ್ಕೆ ಮನೆಯಲ್ಲಿ 20 ನಿಮಿಷದ ತಯಾರಿ ಸಾಕು. ಯುವಕೂಟದ ಕಾರ್ಯದರ್ಶಿ, ಕ್ರಿಸ್‌ಮಸ್ ನಾಟಕದ ಮುಖ್ಯ ಪಾತ್ರ ಇವೆಲ್ಲ ಈ ವರ್ಷ ಬೇಡ, ಡಿಸೆಂಬರಿನಲ್ಲಿ ಅವು ರಾತ್ರಿ ಹತ್ತರವರೆಗೆ ಎಳೆಯುತ್ತವೆ.

ನೀಟ್ ದಿನದ ಬಗ್ಗೆಯೂ ಒಂದು ಮಾತು. 2023, 2024, 2025ರಲ್ಲಿ ಪರೀಕ್ಷೆ ನಡೆದದ್ದು ಮೇ ತಿಂಗಳ ಮೊದಲ ಭಾನುವಾರ. ಮಧ್ಯಾಹ್ನ 2ಕ್ಕೆ ಶುರು, 1.30ಕ್ಕೆ ಗೇಟು ಬಂದ್. ಹಿಂದಿನ ಸಂಜೆಯೇ ಪೂಜೆ ಮುಗಿಸಿಕೊಳ್ಳಿ. ಕೊರಳಿನ ಶಿಲುಬೆ ಸರ, ಜಪಮಾಲೆ ಮನೆಯಲ್ಲೇ ಇರಲಿ. ತಪಾಸಣೆಯ ಸಾಲಿನಲ್ಲಿ ಸರದ ಕೊಂಡಿ ಬಿಚ್ಚುತ್ತ ನಿಂತರೆ ಹುಡುಗಿಯ ಎದೆಬಡಿತ ಸುಮ್ಮನೆ ಏರುತ್ತದೆ.

ಮಗ ಓದುವುದು ಅನುದಾನಿತ ಕಾನ್ವೆಂಟ್ ಶಾಲೆಯಲ್ಲಿ. ಅಲ್ಲಿ ವಾರಕ್ಕೆ ಎರಡು ಪಿರಿಯಡ್ ಕ್ಯಾಟಕಿಸಂ ಇದೆ. ಭಾನುವಾರದ ದೊತೊರ್ನ್ (ಕೊಂಕಣಿಯಲ್ಲಿ ಧರ್ಮೋಪದೇಶ) ಮತ್ತೆ ಯಾಕೆ?
– ಓದುಗರು, ಉಡುಪಿ

ಮೊದಲು ಆ ಪಿರಿಯಡ್‌ನಲ್ಲಿ ಏನು ನಡೆಯುತ್ತದೆಂದು ಮಗನನ್ನು ಕೇಳಿ. ಹೆಸರು ಕ್ಯಾಟಕಿಸಂ ಆದರೂ ಎಷ್ಟೋ ಕಡೆ ನಡೆಯುವುದು ನೀತಿಪಾಠ, ಪರೀಕ್ಷೆ ಹತ್ತಿರವಾದರೆ ಗಣಿತ. ಅನುದಾನಿತ ಶಾಲೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ (ಸಂವಿಧಾನದ 28ನೇ ವಿಧಿ), ಹಾಗಾಗಿ ಎಲ್ಲರೂ ಒಟ್ಟಿಗೆ ಕೂರುವ ಪಿರಿಯಡ್ ನೀತಿಪಾಠವಾಗುವುದೇ ಸರಿ. ನಿಜವಾಗಿ ಕ್ಯಾಟಕಿಸಂ ನಡೆಯುತ್ತಿದ್ದರೆ ಸಿಸ್ಟರ್‌ರಿಂದ ಪಾಠಪಟ್ಟಿ ಬರೆಸಿ ತಂದು ಫಾದರ್‌ಗೆ ತೋರಿಸಿ, ಸರಿಹೊಂದುವ ಪಾಠಗಳಿಗೆ ವಿನಾಯಿತಿ ಕೇಳಿ. ಸಂಸ್ಕಾರದ ತಯಾರಿ ಮಾತ್ರ ಧರ್ಮಕೇಂದ್ರದಲ್ಲೇ ಆಗಲಿ.

ನಾನು ಹತ್ತನೇ ತರಗತಿ. ಪರೀಕ್ಷೆ ಪವಿತ್ರ ವಾರದಲ್ಲೇ (ಈಸ್ಟರ್‌ಗೆ ಮೊದಲಿನ ವಾರ) ಬಂದರೆ ಎಲ್ಲ ಪ್ರಾರ್ಥನೆಗೂ ಹೋಗಬೇಕಾ? ಉಪವಾಸ ಮಾಡದಿದ್ದರೆ ಪಾಪವಾ?
– ಒಬ್ಬ ವಿದ್ಯಾರ್ಥಿನಿ, ಚಿಕ್ಕಮಗಳೂರು

ಹೀಗೆ ಬರುವುದುಂಟು ಪುಟ್ಟಿ. 2024ರಲ್ಲಿ ಗರಿಗಳ ಭಾನುವಾರದ ಮರುದಿನವೇ, ಮಾರ್ಚ್ 25ಕ್ಕೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಗಿತ್ತು. ಉಪವಾಸದ ನಿಯಮ 18 ತುಂಬಿದವರಿಗೆ. 14 ತುಂಬಿದ ನಿನಗೆ ಇರುವುದು ಬೂದಿ ಬುಧವಾರ, ಶುಭ ಶುಕ್ರವಾರ ಮಾಂಸ ಬಿಡುವ ನಿಯಮ. ಅಜ್ಜಿ ಏನೇ ಅಂದರೂ ಇಡ್ಲಿ ತಿಂದೇ ಪರೀಕ್ಷೆಗೆ ಹೋಗು. ಪರಮಪ್ರಸಾದಕ್ಕೆ (ಕಮ್ಯುನಿಯನ್) ಮೊದಲು ಒಂದು ಗಂಟೆ ಏನೂ ತಿನ್ನದಿದ್ದರೆ ಸಾಕು, ನೀರು ಕುಡಿಯಬಹುದು.

ಗುರುವಾರ, ಶುಕ್ರವಾರದ ಪ್ರಾರ್ಥನೆಗಳಿಗೆ ಹೋಗಲೇಬೇಕೆಂಬ ಕಟ್ಟುನಿಟ್ಟು ಧರ್ಮಸಭೆಯಲ್ಲಿಲ್ಲ, ಭಾನುವಾರಕ್ಕಿದೆ. ಶುಭ ಶುಕ್ರವಾರ ಸರ್ಕಾರಿ ರಜೆ, ಅಂದಿನ ಮಧ್ಯಾಹ್ನದ ಪ್ರಾರ್ಥನೆಯನ್ನು ಆರಿಸಿಕೋ. ಶನಿವಾರ ರಾತ್ರಿಯ ಪಾಸ್ಖ (ಈಸ್ಟರ್) ಜಾಗರಣೆ ಉದ್ದ. ಸೋಮವಾರ ಪೇಪರ್ ಇದ್ದರೆ ಈಸ್ಟರ್ ಬೆಳಗಿನ ಪೂಜೆಗೆ ಹೋಗು.

ನಮ್ಮ ಧರ್ಮೋಪದೇಶಕ್ಕೆ ಎಂಟನೇ ತರಗತಿವರೆಗೆ 30 ಮಕ್ಕಳು, ಒಂಬತ್ತಕ್ಕೆ 11, ಹತ್ತಕ್ಕೆ ನಾಲ್ಕು. ಶಾಲೆಗಳನ್ನು ಬೈದು ಸುಸ್ತಾಗಿದೆ. ನಾವು ಏನು ಬದಲಾಯಿಸಬೇಕು?
– ಧರ್ಮೋಪದೇಶ ಶಿಕ್ಷಕಿ, ಮೈಸೂರು

ಮೇ ಕೊನೆಗೆ ಮಕ್ಕಳ ಶಾಲೆಗಳ ವೇಳಾಪಟ್ಟಿ ತರಿಸಿ. ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಎನ್‌ಸಿಸಿಯ ಹತ್ತು ದಿನದ ಕ್ಯಾಂಪ್ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಗುರುತಿಸಿ. ಸೆಪ್ಟೆಂಬರ್ 8ರ ಮಾತೆಯ ಜನನೋತ್ಸವಕ್ಕೆ ಮೊದಲಿನ ಒಂಬತ್ತು ದಿನ ನೊವೆನಾ ಪ್ರಾರ್ಥನೆ ಇರುತ್ತದೆ. ಆ ದಿನಗಳಲ್ಲಿ ದೊಡ್ಡ ಮಕ್ಕಳಿಗೆ ಬೇರೆ ತರಗತಿ ಇಡಬೇಡಿ, ಹೂವಿನ ಬುಟ್ಟಿ ಹಿಡಿದ ಚಿಕ್ಕವರನ್ನು ಸಾಲಿನಲ್ಲಿ ನಿಲ್ಲಿಸುವ ಕೆಲಸ ಕೊಡಿ. ಹಾಜರಾತಿ ಪುಸ್ತಕದಲ್ಲಿ ಅದೂ ತರಗತಿಯೇ ಆಗಲಿ. ಭಾನುವಾರ 90 ನಿಮಿಷದ ತರಗತಿ ಇದ್ದರೆ 45ಕ್ಕೆ ಇಳಿಸಿ, ಬರಲಾಗದವರಿಗೆ ಶನಿವಾರ ಸಂಜೆ ಪೂಜೆಗೆ ಮೊದಲು ಅದೇ ಪಾಠವನ್ನು ಇನ್ನೊಮ್ಮೆ ಮಾಡಿ. ಇಬ್ಬರೇ ಬಂದರೂ ಮಾಡಿ.

ಆದರೆ ನಾಲ್ಕಕ್ಕೆ ಇಳಿಯಲು ಶಾಲೆಯೊಂದೇ ಕಾರಣವಲ್ಲ, ಬೇಜಾರಾದರೂ ಹೇಳುತ್ತೇವೆ. ಇಂಗ್ಲಿಷ್ ಮಾಧ್ಯಮದ ಹತ್ತನೇ ತರಗತಿ ಹುಡುಗನ ಕೈಗೆ ಕನ್ನಡ ಪುಸ್ತಕ ಕೊಟ್ಟು "ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಿ" ಎನ್ನುತ್ತೇವೆ. ಅವನು 'ದೃಢೀಕರಣ'ದ 'ದೃ'ದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ಪಕ್ಕದ ಹುಡುಗಿಯರು ಕಿಸಕ್ಕೆನ್ನುತ್ತಾರೆ. ಮುಂದಿನ ಭಾನುವಾರ ಅವನಿಗೆ "ಸ್ಪೆಷಲ್ ಕ್ಲಾಸ್" ಇರುತ್ತದೆ. ಗಟ್ಟಿಯಾಗಿ ಓದುವುದು ನಿಮ್ಮ ಕೆಲಸವಾಗಲಿ, ಐದು ನಿಮಿಷದಲ್ಲಿ ಮುಗಿಸಿ. ಉಳಿದ 40 ನಿಮಿಷ ಅವರು ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಡಬ್ಬಿಗೆ ಹಾಕಿದ ಪ್ರಶ್ನೆಗಳಿಗೆ. ಉತ್ತರ ತಿಳಿಯದಿದ್ದರೆ ಆ ಚೀಟಿಯನ್ನು ಫಾದರ್‌ಗೆ ದಾಟಿಸಿ, ಮುಂದಿನ ವಾರ ಅವರನ್ನೇ ತರಗತಿಗೆ ಕರೆಯಿರಿ.