ಅಪ್ಪನ ಆರೈಕೆಗೆ ಕೆಲಸ ಬಿಟ್ಟದ್ದನ್ನು ಲಿಂಕ್ಡ್‌ಇನ್‌ನಲ್ಲಿ ಬರೆಯಬಹುದೇ?

ಅಪ್ಪನಿಗೆ ಪಾರ್ಶ್ವವಾಯು ಬಡಿದದ್ದು, ನೀವು ಕೆಲಸ ಬಿಟ್ಟು 14 ತಿಂಗಳು ಅವರನ್ನು ನೋಡಿಕೊಂಡದ್ದು, ಈಗ ಮತ್ತೆ ಕೆಲಸ ಹುಡುಕುತ್ತಿರುವುದು, ಇದನ್ನೆಲ್ಲ ಲಿಂಕ್ಡ್‌ಇನ್‌ನಲ್ಲಿ ಹೇಳಿಕೊಂಡರೆ ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ, ಬರೆಯಿರಿ. ಆದರೆ ಮೊದಲು ಅಪ್ಪನನ್ನು ಕೇಳಿ.

ನನಗೆ ಇದು ತಡವಾಗಿ ತಿಳಿಯಿತು. ಅಮ್ಮನಿಗೆ ಕಿಮೋಥೆರಪಿ ನಡೆಯುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತು ಉದ್ದನೆಯ ಪೋಸ್ಟ್ ಬರೆದೆ. ಜೊತೆಗೆ ಡ್ರಿಪ್ ಹಾಕಿದ್ದ ಅವಳ ಕೈಯ ಚಿತ್ರವನ್ನೂ ಹಾಕಿದೆ. ಮುಖ ಕಾಣಿಸುವುದಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆ. ಎರಡೇ ದಿನದಲ್ಲಿ ಸೋದರಮಾವನ ಮಗನ ಮೊಬೈಲಿನಿಂದ ಅದು ಊರು ಮುಟ್ಟಿತು. ಅಮ್ಮ ತನ್ನ ಕಾಯಿಲೆಯನ್ನು ತವರಿಗೆ ಇನ್ನೂ ತಿಳಿಸಿರಲಿಲ್ಲ. ಬೈಯಲಿಲ್ಲ, ಚಿತ್ರವನ್ನು ಬಹಳ ಹೊತ್ತು ನೋಡಿ, “ಬಳೆ ಇಲ್ಲದ ಕೈ ಅಲ್ಲವೇನೇ ಇದು?” ಎಂದಷ್ಟೇ ಕೇಳಿದಳು. ಸೂಜಿ ಚುಚ್ಚುವಾಗ ನರ್ಸ್ ಬಳೆ ತೆಗೆಸಿದ್ದರು. ಅವಳ ಬರಿಗೈಯನ್ನು ಮನೆಯವರೂ ಕಂಡವರಲ್ಲ. ಪೋಸ್ಟನ್ನು ಆಗಲೇ ಅಳಿಸಿದೆ. ಆದರೆ ನೋಡಬೇಕಾದವರೆಲ್ಲ ಅಷ್ಟರಲ್ಲಿ ನೋಡಿಯಾಗಿತ್ತು.

2022ರ ಆಗಸ್ಟ್‌ನಲ್ಲಿ ಅಮೆರಿಕದ ಓಹಿಯೋದ ಸಣ್ಣ ಮಾರ್ಕೆಟಿಂಗ್ ಕಂಪನಿಯೊಂದರ ಮುಖ್ಯಸ್ಥರು ಇಬ್ಬರನ್ನು ಕೆಲಸದಿಂದ ತೆಗೆದು, ತಾವು ಅಳುತ್ತಿರುವ ಸೆಲ್ಫಿಯನ್ನು ಇದೇ ತಾಣದಲ್ಲಿ ಹಾಕಿದ್ದರು. ಜಗತ್ತಿನ ಮೂಲೆಮೂಲೆಯಿಂದ ಜನ ಸಿಟ್ಟಾದರು. ಆ ಕಣ್ಣೀರು ಸುಳ್ಳೆಂದು ನನಗೆ ಅನಿಸಲಿಲ್ಲ. ಆದರೆ ಕೆಲಸ ಹೋದದ್ದು ಆ ಇಬ್ಬರದು, ಚಿತ್ರದಲ್ಲಿದ್ದದ್ದು ಇವರ ಮುಖ. ನನ್ನ ಪೋಸ್ಟಿನಲ್ಲಿ ಆಗಿದ್ದ ತಪ್ಪೂ ಇದೇ ಜಾತಿಯದು.

ಕೆಲಸದ ನಡುವಿನ ಖಾಲಿ ಅವಧಿಗೆ ಕಾರಣ ಕೊಡುವುದಷ್ಟೇ ನಿಮ್ಮ ಉದ್ದೇಶವಾದರೆ ಪೋಸ್ಟೇ ಬೇಕಿಲ್ಲ. ಪ್ರೊಫೈಲಿನಲ್ಲಿ ‘ಕರಿಯರ್ ಬ್ರೇಕ್’ ಸೇರಿಸುವ ಅವಕಾಶ 2022ರಿಂದ ಇದೆ. ಆರೈಕೆಯೇ ಕಾರಣ ಎಂದು ಅಲ್ಲೇ ಆರಿಸಬಹುದು. ಹಳೆಯ ಮ್ಯಾನೇಜರ್‌ಗೆ ನೇರವಾಗಿ ಒಂದು ಸಂದೇಶ ಕಳಿಸಿ. ನನ್ನ ಮಟ್ಟಿಗೆ ಹೆಚ್ಚು ಕೆಲಸ ಮಾಡಿದ್ದು ಅದೇ.

ಪೋಸ್ಟನ್ನೇ ಬರೆಯುವುದಾದರೆ ಒಂದು ಎಚ್ಚರ ಇರಲಿ. 3,000 ಅಕ್ಷರಗಳವರೆಗೆ ಜಾಗವಿದ್ದರೂ ಮೊದಲು ಕಣ್ಣಿಗೆ ಬೀಳುವುದು ಆರಂಭದ ಕೆಲವೇ ಸಾಲುಗಳು. ಮಿಕ್ಕದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ಹಾಗಾಗಿ ಎಲ್ಲಕ್ಕಿಂತ ನೋವಿನ ಮಾತನ್ನೇ ಹೊಸ್ತಿಲಿಗೆ ತಂದು ನಿಲ್ಲಿಸಬೇಕೆನಿಸುತ್ತದೆ. ಅಲ್ಲಿ ಅಪ್ಪನನ್ನು ನಿಲ್ಲಿಸಬೇಡಿ. ನಿಮಗೆ ಬರುವ ಕೆಲಸ ಯಾವುದು, ಬೇಕಾದ ಕೆಲಸ ಯಾವುದು ಎಂಬುದು ಅಲ್ಲಿರಲಿ. ಆರೈಕೆಯಿಂದ ನಾಯಕತ್ವ ಕಲಿತೆ ಎಂದೂ ದಯವಿಟ್ಟು ಬರೆಯಬೇಡಿ. ಅಪ್ಪನನ್ನು ದಿನವೂ ಎಬ್ಬಿಸಿ ಕೂರಿಸಿ ಊಟ ಮಾಡಿಸಿದ್ದಕ್ಕೆ ಅಂಥ ಹಣೆಪಟ್ಟಿ ಅಂಟಿಸಬೇಕಾಗಿಲ್ಲ.

ಚಿಕಿತ್ಸೆ ಮುಗಿದು ಆರು ತಿಂಗಳಾದ ಮೇಲೆ ನಾನು ಮತ್ತೆ ಬರೆದೆ. ಹಾಕುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ‘ಪಾಪ’ ಎಂಬ ಒಂದು ಪದವನ್ನು ತೆಗೆಸಿದಳು, ಮಿಕ್ಕದ್ದಕ್ಕೆ ಹೂಂ ಎಂದಳು.

ನಿಮ್ಮ ಅಪ್ಪನಿಗೆ ಈಗ ಮಾತು ತೊದಲುತ್ತದೆ, ಆದರೆ ಎಲ್ಲವೂ ಅರ್ಥವಾಗುತ್ತದೆ ಎಂದಿದ್ದೀರಿ. ಪಕ್ಕದಲ್ಲಿ ಕುಳಿತು ನಿಧಾನವಾಗಿ ಓದಿ ಹೇಳಿ. ಬೇಡವೆಂದು ತಲೆಯಾಡಿಸಿದ ಸಾಲನ್ನು ವಾದ ಮಾಡದೆ ತೆಗೆದುಬಿಡಿ.